ಸಿಐ (ಕೋಡ್ ತಾನಾಗೇ ಬಿಲ್ಡ್, ಟೆಸ್ಟ್ ಆಗೋದು) 38 ನಿಮಿಷ, ಒಂದು ಪಿಆರ್ (ಕೋಡ್ ಬದಲಾವಣೆಯ ಕೋರಿಕೆ) ಮರ್ಜ್ ಆಗೋಕೆ, ಅಂದ್ರೆ ಮುಖ್ಯ ಕೋಡ್‌ಗೆ ಸೇರೋಕೆ, ಮೂರು ದಿನ. ರನ್ನರ್ (ಸಿಐ ಓಡೋ ಯಂತ್ರ) ದೊಡ್ಡದು ಮಾಡಿದ್ರೆ ಸರಿಹೋಗುತ್ತಾ?

ಕುವೆಂಪುನಗರ_ದೇವ್
ಎರಡು ವಾರಕ್ಕೊಂದು ರಿಲೀಸ್ ಅಂತ ಒಪ್ಪಿಕೊಂಡಿದ್ದೇವೆ, ಆಗ್ತಿರೋದು ಐದು ವಾರಕ್ಕೊಂದು. ತಲೆ ಕೆಟ್ಟುಹೋಗಿದೆ. ಸಿಐ ಒಂದು ಸಲ ಓಡೋಕೆ 38 ನಿಮಿಷ. ನೋಡ್.ಜೆಎಸ್ ಪ್ರಾಜೆಕ್ಟ್, ಡಾಕರ್ ಇಮೇಜ್ (ಆ್ಯಪ್‌ಗೆ ಬೇಕಾದ್ದೆಲ್ಲ ಕಟ್ಟಿಟ್ಟ ಪೊಟ್ಟಣ), ಸಿಐ ಓಡಿಸೋದು ಗಿಟ್‌ಹಬ್ ಆ್ಯಕ್ಷನ್ಸ್. ದೊಡ್ಡ ರನ್ನರ್‌ಗೆ ಬಜೆಟ್ ಕೇಳಬೇಕು ಅಂತಿದ್ದೀನಿ. 8 ಕೋರ್ ಸಾಕಾ, 16 ಬೇಕಾ? ಬೇಗ ಹೇಳಿ.

ಹೂಟಗಳ್ಳಿ_ಬಿಲ್ಡ್
ಕೋರ್ ಆಮೇಲೆ, ಮೊದಲು ಕ್ಯಾಶ್ (ಹಿಂದಿನ ಸಲ ಮಾಡಿದ್ದನ್ನ ಉಳಿಸಿಟ್ಟು ಮತ್ತೆ ಬಳಸೋದು) ನೋಡಿ ಸರ್. ಡಾಕರ್‌ಫೈಲ್‌ನಲ್ಲಿ ಇಡೀ ಸೋರ್ಸ್ ಕಾಪಿ ಮಾಡಿದ ಮೇಲೆ ಪ್ಯಾಕೇಜ್ ಇನ್‌ಸ್ಟಾಲ್ ಬರೆದಿದ್ದೀರಾ? ಹಾಗಿದ್ರೆ ಒಂದು ಅಕ್ಷರ ಬದಲಾದರೂ ಇನ್‌ಸ್ಟಾಲ್ ಲೇಯರ್ (ಇಮೇಜ್‌ನ ಆ ಹಂತ) ಮತ್ತೆ ಮೊದಲಿಂದ. ಪ್ಯಾಕೇಜ್.ಜೇಸನ್, ಲಾಕ್ ಫೈಲ್ (ಪ್ಯಾಕೇಜ್‌ಗಳ ಪಟ್ಟಿ, ಅವುಗಳ ನಿಖರ ವರ್ಷನ್) ಎರಡು ಮಾತ್ರ ಮೊದಲು ಕಾಪಿ, ಆಮೇಲೆ ಇನ್‌ಸ್ಟಾಲ್, ಕೊನೆಗೆ ಸೋರ್ಸ್. ಇನ್ನೊಂದು: ಒಂದು ಪಿಆರ್ ಬ್ರಾಂಚ್‌ನಲ್ಲಿ (ಆ ಬದಲಾವಣೆಯ ಬೇರೆ ಕೋಡ್ ಪ್ರತಿ) ಉಳಿಸಿದ ಕ್ಯಾಶ್ ಪಕ್ಕದ ಪಿಆರ್ ಬ್ರಾಂಚ್‌ಗೆ ಸಿಗಲ್ಲ. ಮೇನ್‌ನಲ್ಲಿ (ಎಲ್ಲರ ಮುಖ್ಯ ಬ್ರಾಂಚ್) ಉಳಿಸಿದ್ದು ಎಲ್ಲರಿಗೂ ಸಿಗುತ್ತೆ. ಮೇನ್ ಮೇಲೆ ವರ್ಕ್‌ಫ್ಲೋ (ಸಿಐ ಹಂತಗಳ ಪಟ್ಟಿ) ಓಡಿಸದೆ ಇದ್ರೆ ಪ್ರತಿ ಪಿಆರ್ ಬರಿಗೈಲಿ ಶುರುವಾಗುತ್ತೆ.

ಕುವೆಂಪುನಗರ_ದೇವ್
ಕಾಪಿ ಕ್ರಮ ಸರಿಯಾಗೇ ಇದೆ. ಮೇನ್ ಮೇಲೂ ಓಡುತ್ತೆ.

ಹೂಟಗಳ್ಳಿ_ಬಿಲ್ಡ್
ಹಾಗಾದ್ರೆ ಕ್ಯಾಶ್ ಕೀ (ಉಳಿಸಿದ್ದನ್ನ ಹುಡುಕೋ ಹೆಸರು) ತಪ್ಪಿರುತ್ತೆ. ಕೀಯಲ್ಲಿ ಕಮಿಟ್ ಹ್ಯಾಶ್ (ಪ್ರತಿ ಬದಲಾವಣೆಗೂ ಬೇರೆಯಾಗೋ ಗುರುತು) ಸೇರಿಸಿದ್ರೆ ಹೊಸ ಕಮಿಟ್‌ಗೆ ಹಿಟ್ ಆಗಲ್ಲ, ಉಳಿಸಿದ್ದು ಸಿಗಲ್ಲ. ಲಾಕ್ ಫೈಲ್‌ನ ಹ್ಯಾಶ್ ಮಾತ್ರ ಹಾಕಿ. ಏಳು ದಿನ ಯಾರೂ ಮುಟ್ಟದ ಕ್ಯಾಶ್ ತಾನಾಗೇ ಅಳಿಸಿಹೋಗುತ್ತೆ, ಅದನ್ನೂ ನೋಡಿ. ಲಾಗ್ ಹಾಕಿ, ಇದು ಕ್ಯಾಶೇ.

ವಿಜಯನಗರ_4ನೇ_ಹಂತ
ಕ್ಯಾಶ್ ಗೋಜೇ ಬೇಡ ಅಂದ್ರೆ ಸ್ವಂತ ರನ್ನರ್ ಇಡಿ. 16 ಕೋರ್, 64 ಜಿಬಿ ರ್‍ಯಾಮ್, 2 ಟಿಬಿ ಎನ್‌ವಿಎಂಇ, ಜೊತೆಗೆ 3 ಕೆವಿಎ ಯುಪಿಎಸ್. ಡಾಕರ್ ಲೇಯರ್‌ಗಳು ಡಿಸ್ಕ್‌ನಲ್ಲೇ ಕೂತಿರ್ತವೆ. ಕರೆಂಟ್ ಹೋದ್ರೂ ಬಿಲ್ಡ್ ನಿಲ್ಲಲ್ಲ. ಜೆಂಕಿನ್ಸ್ (ನಾವೇ ನಡೆಸೋ ಸಿಐ ಸಾಫ್ಟ್‌ವೇರ್) ಆದ್ರೆ ಇನ್ನೂ ಒಳ್ಳೇದು.

ಹೂಟಗಳ್ಳಿ_ಬಿಲ್ಡ್
ಜೆಂಕಿನ್ಸ್ ಪ್ಲಗಿನ್ ಅಪ್‌ಡೇಟ್ ಯಾರು ನೋಡ್ಕೋತಾರೆ? ಇರೋ ಕೆಲಸದ ಮೇಲೆ ಇನ್ನೊಂದು. ರೆಪೊ (ಕೋಡ್ ಇಡೋ ಜಾಗ) ಪಬ್ಲಿಕ್ ಆಗಿದ್ರೆ ಸ್ವಂತ ರನ್ನರ್ ಖಂಡಿತ ಬೇಡ, ಯಾರೋ ತಮ್ಮ ಫೋರ್ಕ್‌ನಿಂದ (ರೆಪೊದ ನಕಲಿನಿಂದ) ಕಳಿಸಿದ ಪಿಆರ್ ನಿಮ್ಮ ಯಂತ್ರದ ಮೇಲೆ ತನ್ನ ಕೋಡ್ ಓಡಿಸಬಹುದು.

ವಿಜಯನಗರ_4ನೇ_ಹಂತ
ಪ್ರೈವೇಟ್ ರೆಪೊಗೆ ಹೇಳಿದ್ದು ಸ್ವಾಮಿ. ಪ್ಲಗಿನ್ ವರ್ಷನ್ ಪಿನ್ ಮಾಡಿಟ್ರೆ ತೊಂದರೆ ಕಡಿಮೆ.

ಮದ್ದೂರು_ಕ್ರಾನ್
ಅಣ್ಣಂದಿರಾ, ಬಿಲ್ಡ್ ವಿಷ್ಯ ಒಸಿ ಪಕ್ಕಕ್ಕೆ ಮಡಗಿ. ದೇವ್ ಅಣ್ಣ, 38 ನಿಮಿಷದ ಸಿಐ ಮೂರು ದಿನ ಹೆಂಗ್ ತಿಂತದೆ? ಒಂದೇ ಒಂದು ಪಿಆರ್ ತಗೊಂಡು ಏನೇನು ಯಾವಾಗ ಆಯ್ತು ಅಂತ ಗಂಟೆ ಸಮೇತ ಬರೀರಿ. ರಿವ್ಯೂ ಮಾಡೋರು ಯಾವ ಊರಲ್ಲವ್ರೆ, ಅದ್ನೂ ಹೇಳಿ.

ಕುವೆಂಪುನಗರ_ದೇವ್
ರಿವ್ಯೂಗೂ ಇದಕ್ಕೂ ಸಂಬಂಧ ಇಲ್ಲ ಅನ್ಸುತ್ತೆ, ಆದ್ರೂ ಹಾಕ್ತೀನಿ. ಮೈಸೂರಲ್ಲಿ ಆರು ಜನ, ಮ್ಯೂನಿಕ್‌ನಲ್ಲಿ ನಾಲ್ಕು, ಸಿಯಾಟಲ್‌ನಲ್ಲಿ ಏಳು. ಕೋಡ್‌ಓನರ್ಸ್ (ಯಾವ ಫೋಲ್ಡರ್‌ಗೆ ಯಾರು ಅಪ್ರೂವ್ ಮಾಡಬೇಕು ಅನ್ನೋ ಫೈಲ್) ಕಡ್ಡಾಯ, ಕೋರ್ ಫೋಲ್ಡರ್ ಸಿಯಾಟಲ್‌ನವರದು. ಕಳೆದ ಜನವರಿಯ ಒಂದು ಪಿಆರ್, ಎಲ್ಲಾ ನಮ್ಮ ಸಮಯದಲ್ಲಿ:

ಸೋಮವಾರ ಸಂಜೆ 5:40 ಪಿಆರ್ ತೆರೆದಿದ್ದು, 6:18ಕ್ಕೆ ಹಸಿರು (ಟೆಸ್ಟ್ ಎಲ್ಲಾ ಪಾಸ್).
ರಾತ್ರಿ 12:50 ಸಿಯಾಟಲ್ ಕಾಮೆಂಟ್: ಫಂಕ್ಷನ್ ಹೆಸರು ಬದಲಿಸಿ.
ಮಂಗಳವಾರ ಬೆಳಿಗ್ಗೆ 10:20 ಬದಲಿಸಿ ಪುಶ್, 10:58 ಹಸಿರು.
ರಾತ್ರಿ 12:40 ಅಪ್ರೂವ್. ಅವರೇ ಅಪ್‌ಡೇಟ್ ಬ್ರಾಂಚ್ (ಮೇನ್‌ನ ಹೊಸ ಕೋಡ್ ಪಿಆರ್‌ಗೆ ಎಳೆಯೋ ಬಟನ್) ಒತ್ತಿದ್ರು, 1:18ಕ್ಕೆ ಒಂದು ಟೆಸ್ಟ್ ಕೆಂಪು.
ಬುಧವಾರ ಬೆಳಿಗ್ಗೆ 10:05 ಏನೂ ಮುಟ್ಟದೆ ಮತ್ತೆ ಓಡಿಸಿದೆ, 10:43 ಹಸಿರು. ಅಷ್ಟರಲ್ಲಿ ಮೇನ್ ಮುಂದೆ ಹೋಗಿ ಲಾಕ್ ಫೈಲ್ ಕಾನ್‌ಫ್ಲಿಕ್ಟ್ (ಎರಡು ಬದಲಾವಣೆ ಡಿಕ್ಕಿ). 11:00 ಸರಿಮಾಡಿ ಪುಶ್, ಸಿಐ ಮತ್ತೆ ಓಡ್ತು, ಹಳೇ ಅಪ್ರೂವಲ್ ರದ್ದಾಯ್ತು.
ರಾತ್ರಿ 11:40 ಮತ್ತೆ ಅಪ್ರೂವ್.
ಗುರುವಾರ 10:15 ಮತ್ತೆ ಅಪ್‌ಡೇಟ್, 10:53 ಹಸಿರು, 11:00 ಮರ್ಜ್.

ಮದ್ದೂರು_ಕ್ರಾನ್
ಲೆಕ್ಕ ಹಾಕಿ. ಒಟ್ಟು 65 ಗಂಟೆ 20 ನಿಮಿಷ. ಸಿಐ ಆರು ಸಲ ಓಡಿದೆ, 228 ನಿಮಿಷ, ಅಂದ್ರೆ 3 ಗಂಟೆ 48 ನಿಮಿಷ. ಮಿಕ್ಕ 61 ಗಂಟೆ ಚಿಲ್ಲರೆ ಬರೀ ಕಾಯೋದ್ರಲ್ಲೇ ಹೋಗಿದೆ. ದೊಡ್ಡ ರನ್ನರ್ ತಂದು ಸಿಐ 20 ನಿಮಿಷಕ್ಕೆ ಇಳಿಸಿದ್ರೂ ಉಳಿಯೋದು 108 ನಿಮಿಷ. ಚಳಿಗಾಲದಲ್ಲಿ ಸಿಯಾಟಲ್ ನಮಗಿಂತ 13:30 ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 9 ಅಂದ್ರೆ ಇಲ್ಲಿ ರಾತ್ರಿ 10:30. ನೀವೂ ಅವ್ರೂ ಒಟ್ಟಿಗೆ ಸೀಟಲ್ಲಿರೋ ಹೊತ್ತು ಸೊನ್ನೆ. ಒಂದು ಹೆಸರು ಬದಲಿಸೋ ಮಾತಿಗೆ ಒಂದು ದಿನ ಪೂರ್ತಿ.

ಮ್ಯೂನಿಕ್ ನೋಡಿ: ಚಳಿಗಾಲದಲ್ಲಿ ಅಲ್ಲಿ 9 ಅಂದ್ರೆ ಇಲ್ಲಿ ಮಧ್ಯಾಹ್ನ 1:30. ಸಂಜೆ 6:30ರ ತನಕ ಐದು ಗಂಟೆ ಸಿಗ್ತದೆ. ಆ ನಾಲ್ಕು ಜನ ಈ ಪಿಆರ್‌ನಲ್ಲಿ ಎಲ್ಲೂ ಇಲ್ಲ!

ಹೂಟಗಳ್ಳಿ_ಬಿಲ್ಡ್
ಸರಿ, ಆದ್ರೂ ಆರು ಸಲ ಓಡಿದ್ದಕ್ಕೆ ಕ್ಯಾಶ್ ಇದ್ದಿದ್ರೆ...

ಮದ್ದೂರು_ಕ್ರಾನ್
ಕ್ಯಾಶ್ ಸರಿ ಮಾಡ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಆರು ಸಲ ಯಾಕೆ ಓಡ್ತು ಅನ್ನೋದು ಮೊದ್ಲು ಕೇಳಬೇಕು ಕಣಣ್ಣ.

ಸರಸ್ವತಿಪುರಂ_ಎಸ್‌ಆರ್‌ಇ
ದೇವ್, ರಾತ್ರಿ 1:18ಕ್ಕೆ ಬಿದ್ದ ಟೆಸ್ಟ್ ಯಾವುದು? ಅದರಲ್ಲಿ ‘ಇವತ್ತಿನ ದಿನಾಂಕ’ ಇದೆಯಾ?

ಕುವೆಂಪುನಗರ_ದೇವ್
ಇದೆ! ಇನ್‌ವಾಯ್ಸ್ ದಿನಾಂಕದ ಟೆಸ್ಟ್. ನಮ್ಮ ಕಡೆ ಯಾವತ್ತೂ ಬೀಳಲ್ಲ. ಸಿಯಾಟಲ್‌ನವರು ಮಾತ್ರ ಬೀಳುತ್ತೆ ಅಂತಾರೆ. ಫ್ಲೇಕಿ (ಕಾರಣವಿಲ್ಲದೆ ಆಗಾಗ ಬೀಳೋ ಟೆಸ್ಟ್) ಅಂತ ಬಿಟ್ಟಿದ್ದೆವು.

ಸರಸ್ವತಿಪುರಂ_ಎಸ್‌ಆರ್‌ಇ
ಅದು ಫ್ಲೇಕಿ ಅಲ್ಲ, ಗಡಿಯಾರದಷ್ಟೇ ನಿಖರ. ರನ್ನರ್ ಓಡೋದು ಯುಟಿಸಿಯಲ್ಲಿ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ). ಕೋಡ್ ಕೊಲ್ಕತ್ತಾ ಟೈಮ್‌ಜೋನ್‌ನಲ್ಲಿ (ಭಾರತದ ಸಮಯ) ದಿನಾಂಕ ತೆಗೆಯುತ್ತೆ, ಟೆಸ್ಟ್ ಯುಟಿಸಿ ದಿನಾಂಕದ ಜೊತೆ ಹೋಲಿಸುತ್ತೆ. ಭಾರತದಲ್ಲಿ ರಾತ್ರಿ 12ರಿಂದ ಬೆಳಿಗ್ಗೆ 5:30ರ ತನಕ ಇವೆರಡರ ನಡುವೆ ಒಂದು ದಿನ ವ್ಯತ್ಯಾಸ. ಚಳಿಗಾಲದಲ್ಲಿ ಆ ಹೊತ್ತು ಸಿಯಾಟಲ್‌ನಲ್ಲಿ ಬೆಳಿಗ್ಗೆ 10:30ರಿಂದ ಸಂಜೆ 4. ಅವರ ಕೆಲಸದ ಹೊತ್ತು ಬಹುಪಾಲು ಅದೇ. ನೀವು ಬೆಳಿಗ್ಗೆ ಬಂದು ಮತ್ತೆ ಓಡಿಸಿದಾಗ ಎರಡೂ ಒಂದೇ ದಿನ, ಹಸಿರು.

ಟೆಸ್ಟ್‌ನಲ್ಲಿ ನಕಲಿ ಗಡಿಯಾರ ಹಾಕಿ ಯುಟಿಸಿ 18:29ಕ್ಕೊಂದು, 18:31ಕ್ಕೊಂದು ಕೇಸ್ ಬರೆಯಿರಿ. 18:30ಕ್ಕೆ ನಮ್ಮಲ್ಲಿ ಹೊಸ ದಿನ ಶುರು. ರೀಟ್ರೈ ಹಾಕಿ ಮುಚ್ಚಬೇಡಿ, ಆ ಐದೂವರೆ ಗಂಟೆಯಲ್ಲಿ ರೀಟ್ರೈ ಹತ್ತು ಸಲ ಮಾಡಿದರೂ ಬೀಳುತ್ತೆ.

ಇನ್ನು ಕೋಡ್‌ಓನರ್ಸ್. ಕೋರ್ ಫೋಲ್ಡರ್ ಸಾಲಿನಲ್ಲಿ ಸಿಯಾಟಲ್ ಟೀಮ್ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಮ್ಯೂನಿಕ್ ಟೀಮ್ ಸೇರಿಸಿ. ಆಗ ಇಬ್ಬರಲ್ಲಿ ಯಾರು ಅಪ್ರೂವ್ ಮಾಡಿದರೂ ಸಾಕು. ಅದೇ ಫೋಲ್ಡರ್‌ಗೆ ಕೆಳಗೆ ಬೇರೆ ಸಾಲು ಬರೆದ್ರೆ ಕೊನೆಯ ಸಾಲು ಮಾತ್ರ ಲೆಕ್ಕ, ಸಿಯಾಟಲ್ ಪೂರ್ತಿ ಬಿಟ್ಟುಹೋಗುತ್ತೆ. ಸೇರಿಸೋ ಟೀಮ್‌ಗೆ ರೆಪೊದಲ್ಲಿ ರೈಟ್ (ಬರೆಯೋ) ಅನುಮತಿ ಇರಬೇಕು.

ವಿಜಯನಗರ_4ನೇ_ಹಂತ
ಬ್ರಾಂಚ್ ಅಪ್‌ಡೇಟ್ ಕಾಟಕ್ಕೆ ಮರ್ಜ್ ಕ್ಯೂ ಹಾಕಿ. ಕ್ಯೂನಲ್ಲಿ ಮುಂದಿರೋ ಪಿಆರ್‌ಗಳನ್ನೂ ಮೇನ್‌ನ್ನೂ ಸೇರಿಸಿ ಅದೇ ಟೆಸ್ಟ್ ಓಡಿಸುತ್ತೆ, ಕೈಯಲ್ಲಿ ಅಪ್‌ಡೇಟ್ ಒತ್ತೋದು ತಪ್ಪುತ್ತೆ. ಸಿಯಾಟಲ್‌ನವರು ಅಪ್ರೂವ್ ಮಾಡಿ ಕ್ಯೂಗೆ ಹಾಕಿದ್ರೆ ನೀವು ಏಳೋಷ್ಟರಲ್ಲಿ ಮರ್ಜ್ ಆಗಿರುತ್ತೆ. ಪ್ರೈವೇಟ್ ರೆಪೊ ಆದ್ರೆ ಗಿಟ್‌ಹಬ್‌ನ ಎಂಟರ್‌ಪ್ರೈಸ್ ಕ್ಲೌಡ್ ಪ್ಲಾನ್ ಬೇಕು.

ಸರಸ್ವತಿಪುರಂ_ಎಸ್‌ಆರ್‌ಇ
ಹೌದು. ಕ್ಯೂ ಆನ್ ಮಾಡೋ ಮುಂಚೆ ವರ್ಕ್‌ಫ್ಲೋದಲ್ಲಿ ‘ಮರ್ಜ್_ಗ್ರೂಪ್’ ಈವೆಂಟ್ ಸೇರಿಸಿ. ಸೇರಿಸದೆ ಹೋದ್ರೆ ಕಡ್ಡಾಯ ಚೆಕ್‌ಗಳು ಶುರುವೇ ಆಗಲ್ಲ, ಪಿಆರ್‌ಗಳು ಕ್ಯೂನಲ್ಲಿ ಕಾದು ಕಾದು ಹೊರಬೀಳ್ತವೆ.

ಕುವೆಂಪುನಗರ_ದೇವ್ (ಎರಡು ವಾರದ ನಂತರ)
ಮ್ಯೂನಿಕ್ ಸೇರಿಸಿದ್ದಾಯ್ತು. ಮಧ್ಯಾಹ್ನ 2ರ ಒಳಗೆ ತೆರೆದ ಸಣ್ಣ ಪಿಆರ್‌ಗಳು ಅವತ್ತೇ ಮರ್ಜ್ ಆಗ್ತಿವೆ. ದಿನಾಂಕದ ಟೆಸ್ಟ್ ಸರಿಹೋಯ್ತು. ಎಂಟರ್‌ಪ್ರೈಸ್ ಇಲ್ಲ, ಕ್ಯೂ ಸದ್ಯಕ್ಕಿಲ್ಲ. ಈಗ ಹೊಸ ಕಾಟ: ಡೇಟಾಬೇಸ್ ಕಾಲಂ ಹೆಸರು ಬದಲಿಸೋ ಪಿಆರ್‌ಗೆ ಮೂರೂ ಊರಿನವರು ಒಂದೇ ಹೊತ್ತಿಗೆ ಇರಬೇಕು ಅಂತಾರೆ. ರಾತ್ರಿ 11ಕ್ಕೆ ಕಾಲ್.

ಮದ್ದೂರು_ಕ್ರಾನ್
ಹೆಸರು ಬದಲಿಸ್‌ಬ್ಯಾಡಿ ಅಣ್ಣ. ಒಂದನೇ ರಿಲೀಸ್: ಹೊಸ ಕಾಲಂ ಖಾಲಿ ಬಿಡೋಕಾಗೋ ಥರ ಸೇರಿಸಿ. ಎರಡನೇದು: ಕೋಡ್ ಎರಡಕ್ಕೂ ಬರೀಲಿ, ಹಳೇದ್ರಿಂದ ಓದ್ಲಿ, ಹಳೇ ಸಾಲುಗಳ್ನ ಸಾವಿರ ಸಾವಿರದಂಗೆ ತುಂಬ್ಸಿ, ಒಂದೇ ಸಲ ತುಂಬೋಕೋದ್ರೆ ಸಾಲುಗಳು ಬಾಳ ಹೊತ್ತು ಲಾಕ್ ಆಯ್ತವೆ. ಮೂರನೇದು: ಹೊಸದ್ರಿಂದ ಓದಿ, ಬರೆಯೋದು ಎರಡಕ್ಕೂ ಇರ್ಲಿ. ನಾಲ್ಕನೇದು: ಹಳೇ ಕಾಲಂಗೆ ಬರೆಯೋದು ನಿಲ್ಸಿ, ಒಂದು ರಿಲೀಸ್ ಕಾದು, ಆಮೇಲೆ ತೆಗೀರಿ. ಯಾವ ಹಂತದಲ್ಲೂ ಒಂದು ಹಂತ ಹಿಂದಕ್ಕೆ ಹೋಗಬೋದು, ಅದ್ಕೇ ಯಾರೂ ರಾತ್ರಿ ಎದ್ದಿರಬೇಕಾಗಿಲ್ಲ.

ಹೂಟಗಳ್ಳಿ_ಬಿಲ್ಡ್
ದೇವ್ ಸರ್, ಕ್ಯಾಶ್ ಲಾಗ್ ಇನ್ನೂ ಹಾಕಿಲ್ಲ.