ಸಹಾಯ ಬೇಕು: ದೊಡ್ಡವರಿಗೆ ಪ್ರಶ್ನೆ ಮಾಡಿ ಯೋಚಿಸುವುದನ್ನು ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಪಾಠ ಮಾಡುತ್ತೇನೆ. ಓದು ಬರಹ ಚೆನ್ನಾಗಿ ಬಂದಿದೆ. ಈಗ ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಓದುತ್ತಾರೆ, ಓದಿದ್ದನ್ನೆಲ್ಲ ನಂಬುತ್ತಾರೆ. ಅದೇ ನನ್ನ ಚಿಂತೆ.

ಮೊನ್ನೆ ಒಬ್ಬರು, ಹೊಸ ಔಷಧಿ ಹೊಡೆದ ಮೇಲೆ ಅಡಿಕೆಗೆ ಕೊಳೆ ನಿಂತಿತು ಎಂದರು. ಅದೇ ವಾರ ಮಳೆಯೂ ಹೊಳವಾಗಿತ್ತು. ಕೊಳೆರೋಗ ಜಾಸ್ತಿ ಹಬ್ಬುವುದೇ ಬಿಡದೆ ಸುರಿಯುವ ಮಳೆಯಲ್ಲಿ. ಹಾಗಾದರೆ ನಿಲ್ಲಿಸಿದ್ದು ಔಷಧಿಯೋ, ಬಿಸಿಲೋ? ಔಷಧಿ ಹೊಡೆಯದ ಪಕ್ಕದ ತೋಟದಲ್ಲಿ ಏನಾಯಿತು ಎಂದು ಕೇಳಿದೆ. ಚರ್ಚೆ ಜೋರಾಯಿತು, ಖುಷಿಯಾಯಿತು. ಆದರೆ ಆ ಯಜಮಾನರಿಗೆ ಬೇಜಾರಾಯಿತು. ಅವರ ಅನುಭವವೇ ಸುಳ್ಳು ಅಂದ ಹಾಗೆ ಆಗಬಾರದು, ಅಲ್ವಾ?

ಮಂಗನ ಕಾಯಿಲೆ ವಿಷಯದಲ್ಲಿ ಇನ್ನೂ ಕಷ್ಟ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಗುರುತಿಸಿದ ಕಾಯಿಲೆ, ಹರಡುವುದು ಉಣುಗಿನಿಂದ. ಆದರೂ ಸುಮ್ನೆ ಏನೇನೋ ಮನೆಮದ್ದಿನ ಮೆಸೇಜು ಬರುತ್ತಲೇ ಇರುತ್ತವೆ.

ವಯಸ್ಕರ ಶಿಕ್ಷಣದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಹಿರಿಯರ ಮನಸ್ಸು ನೋಯದ ಹಾಗೆ "ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳುವುದು ಹೇಗೆ? ತೋಟ, ಸೊಸೈಟಿ, ಸಂಘದ ಸಾಲ, ಇಂಥ ದಿನಬಳಕೆಯ ಉದಾಹರಣೆಗಳಿದ್ದರೂ ಕಳಿಸಿ. ಮಳೆಗಾಲ ಶುರುವಾಗುವುದರೊಳಗೆ ಸಿಕ್ಕರೆ ತುಂಬಾ ಉಪಕಾರವಾಗುತ್ತದೆ.