ಪದಚರ್ಚೆ: ಫ್ಯಾಂಟಸಿ ವೆಬ್ ಕಾದಂಬರಿಯ 'ಕಲ್ಟಿವೇಶನ್'ಗೆ ಕನ್ನಡ ಪದ ಬೇಕು, ತುರ್ತು

ದಾವಣಗೆರೆಯಿಂದ, ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ನಮ್ಮ ಓದುಗರ ಬಳಗದಲ್ಲಿ ಅನುವಾದಿತ ಫ್ಯಾಂಟಸಿ ವೆಬ್ ಕಾದಂಬರಿಗಳ ಬಗ್ಗೆ ಮಾತುಕತೆ ಇದೆ. ಓದಿದವರ ಅಭಿಪ್ರಾಯಗಳನ್ನು ದೊಡ್ಡ ಹಾಳೆಗಳ ಮೇಲೆ ಬರೆದು ಗೋಡೆಗೆ ಹಚ್ಚುತ್ತೇವೆ. ಹುಡುಗರು ಓದುವುದು ಇಂಗ್ಲಿಷ್ ಅನುವಾದದಲ್ಲಿ. ಹಾಗಾಗಿ ಅಭಿಪ್ರಾಯವನ್ನೂ ಇಂಗ್ಲಿಷಿನಲ್ಲೇ ಬರೆದುಕೊಟ್ಟಿದ್ದಾರೆ. ಕನ್ನಡ ಮಾಡುವ ಕೆಲಸ ನನ್ನದು.

ಮಿಕ್ಕಿದ್ದೆಲ್ಲ ಆಯಿತು, 'ಕಲ್ಟಿವೇಶನ್' ಎಂಬಲ್ಲಿ ನಿಂತಿದ್ದೇನೆ. ಚೀನೀ ಶಿಯಾನ್‌ಶಿಯಾ ಕಥೆಗಳ ಜೀವವೇ ಇದು. ನಾಯಕ ಉಸಿರು, ಧ್ಯಾನ, ಗುಳಿಗೆ, ಕಾದಾಟ ಎಲ್ಲದರಿಂದಲೂ ಮೈಯಲ್ಲಿ ಚೀ ಶಕ್ತಿ ಕೂಡಿಸಿಕೊಳ್ಳುತ್ತಾನೆ. ಮೊದಲು ಬುನಾದಿ ಹಾಕುತ್ತಾನೆ, ಆಮೇಲೆ ಒಳಗೆ ಬಂಗಾರದ ಗುಳಿಗೆ ಕಟ್ಟುತ್ತಾನೆ, ಹೀಗೆ ಏರುತ್ತ ಅಮರನಾಗಲು ಹೋಗುತ್ತಾನೆ. ಫೋನಿನ ಅನುವಾದಕ ಇದನ್ನು ಕೃಷಿ ಎನ್ನುತ್ತಿದೆ. 'ಅವನು ಮುನ್ನೂರು ವರ್ಷ ಗುಹೆಯಲ್ಲಿ ಕೃಷಿ ಮಾಡಿದನು' ಎಂದು ಗೋಡೆಗೆ ಹಚ್ಚಲು ಆಗುವುದಿಲ್ಲ.

ಪ್ರತಿ ಹಾಳೆಯಲ್ಲೂ ಈ ಪದ ಇದೆ. 'ಭಾಷೆ ಒರಟು, ಆದರೆ ಕಲ್ಟಿವೇಶನ್ ಲೆಕ್ಕ ಪಕ್ಕಾ ಇದೆ, ಅದಕ್ಕೇ ಬಿಡದೆ ಓದಿದೆ' ಎಂದು ಒಬ್ಬಳು ಬರೆದಿದ್ದಾಳೆ. ಈ ಸಾಲು ಕನ್ನಡದಲ್ಲಿ ಹೇಗೆ? ಹಂತಗಳಿಗೂ ಒಂದು ಪದ ಕೊಡಿ. ಶನಿವಾರ ಸಂಜೆಯೊಳಗೆ ಬೇಕು.

ಹರಿಹರದಿಂದ, ಗುರುವಾರ ರಾತ್ರಿ

ಸಾಧನೆ. ಮಾಡುವವನು ಸಾಧಕ, ದಕ್ಕಿದ್ದು ಸಿದ್ಧಿ, ದಕ್ಕಿಸಿಕೊಂಡವನು ಸಿದ್ಧ. ಹಂತಕ್ಕೆ ಶರಣರ ಆರು ಮಜಲಿನ ದಾರಿ, ಷಟ್‌ಸ್ಥಲದ 'ಸ್ಥಲ' ಇದೆ. ಇಷ್ಟಕ್ಕೆ ಚರ್ಚೆ ಯಾಕೆ ಬೇಕೋ ತಿಳಿಯಲಿಲ್ಲ.

ಜಗಳೂರಿನಿಂದ, ಶುಕ್ರವಾರ ಬೆಳಿಗ್ಗೆ

ಸಾಧನೆ ಬೇಡ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದರೂ ಸಾಧನೆ, ರಸ್ತೆಗೆ ಡಾಂಬರು ಹಾಕಿಸಿದರೂ ಸಾಧನೆ. ಸವೆದುಹೋದ ಪದ. ಸಿದ್ಧ, ಸಿದ್ಧಿ, ಸ್ಥಲ ಎಲ್ಲವೂ ಸಂಸ್ಕೃತ. ಪ್ರತಿ ಸಲ ಸಾಲ ತರುವುದೇ ಆದರೆ ಕನ್ನಡದ ಬೇರುಗಳು ಇರುವುದು ಯಾಕೆ?

ಸಾಹಿತ್ಯ ಕೃಷಿ ಎಂದಾಗ ಯಾರಿಗೂ ಎತ್ತು ನೇಗಿಲು ನೆನಪಾಗುವುದಿಲ್ಲ, ಅಲ್ವಾ? ಹಾಗೇ 'ಮೈಬೇಸಾಯ' ಎನ್ನಿ. ಅಚ್ಚಗನ್ನಡ. ಓದಿದ ಕೂಡಲೇ ಅರ್ಥವಾಗುತ್ತದೆ. ಹಂತಕ್ಕೆ 'ಮೆಟ್ಟಿಲು'.

ಚಿತ್ರದುರ್ಗದಿಂದ, ಶುಕ್ರವಾರ ಮಧ್ಯಾಹ್ನ

ಬೇಸಾಯ ಅಚ್ಚಗನ್ನಡ ಅಲ್ಲ. ವ್ಯವಸಾಯದ ತದ್ಭವ. ಸಂಸ್ಕೃತದಲ್ಲಿ ವ್ಯವಸಾಯ ಎಂದರೆ ಗಟ್ಟಿ ನಿರ್ಧಾರ, ಹಿಡಿದು ಮಾಡಿದ ಪ್ರಯತ್ನ. ಗೀತೆಯ 'ವ್ಯವಸಾಯಾತ್ಮಿಕಾ ಬುದ್ಧಿ'ಗೆ ಆ ಅರ್ಥವೇ ಇರುವುದು. ಹೊಲದ ಕೆಲಸ ಎಂಬ ಅರ್ಥ ನಮ್ಮಲ್ಲಿ ಗಟ್ಟಿಯಾಯಿತು.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಎಲ್ಲರೂ ಇಂಗ್ಲಿಷ್ ಪದವನ್ನು ಹಿಡಿದು ಎಳೆದಾಡುತ್ತಿದ್ದೀರಿ. ಮೂಲ ಚೀನೀ. ಅಲ್ಲಿರುವುದು ಶಿಯೂಲಿಯಾನ್. ಶಿಯೂ ಎಂದರೆ ತಿದ್ದು, ಸರಿಪಡಿಸು. ಲಿಯಾನ್ ಎಂದರೆ ಕಾಸಿ ಶುದ್ಧ ಮಾಡು. ಆ ಅಕ್ಷರದ ಎಡಗಡೆ ಬೆಂಕಿಯ ಗುರುತೇ ಇದೆ. ಇಂಗ್ಲಿಷ್ ಅನುವಾದಕರು ತಮಗೆ ಒಗ್ಗಿದ ಪದ ಹಾಕಿಕೊಂಡರು, ಅದು ಅವರ ಹಕ್ಕು. ಅದನ್ನು ನಂಬಿ ನಾವು ಹೊಲಕ್ಕೆ ಇಳಿಯಬೇಕಿಲ್ಲ. ಕಾಸಿ ಶುದ್ಧ ಮಾಡುವುದಕ್ಕೆ ಕನ್ನಡದಲ್ಲಿ 'ಪುಟ' ಇದೆ. ಪುಟವಿಟ್ಟ ಚಿನ್ನ ಎಂದರೆ ಗೊತ್ತಿಲ್ಲದವರು ಯಾರು? ಮೈಯನ್ನು ಪುಟಕ್ಕಿಟ್ಟ, ಪುಟಗೊಂಡ. ಶಿಯೂಲಿಯಾನ್ ಹೇಳುವುದು ಇದನ್ನೇ.

ಇನ್ನು ಷಟ್‌ಸ್ಥಲ. ದಯವಿಟ್ಟು ಅದನ್ನು ಇಲ್ಲಿಗೆ ತರಬೇಡಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಅಲ್ಲಿ ಒಂದೊಂದು ಸ್ಥಲಕ್ಕೂ 'ನಾನು' ಎಂಬುದು ಕರಗುತ್ತ ಹೋಗುತ್ತದೆ. ಈ ಕಥೆಗಳಲ್ಲಿ ಅದು ಬೆಳೆಯುತ್ತ ಹೋಗುತ್ತದೆ. ಎರಡೂ ಎದುರುಬದುರು ದಾರಿಗಳು.

ಈ ನಾಯಕರಿಗೆ ನಮ್ಮಲ್ಲಿ ಸರಿಯಾದ ಜೋಡಿ ಸಿದ್ಧಯೋಗಿ ಗೋರಕ್ಷ. ಶೂನ್ಯಸಂಪಾದನೆಯ ಆ ಪ್ರಸಂಗ ನೆನೆಯಿರಿ. ಗೋರಕ್ಷನದು ವಜ್ರಕಾಯ. ಅಲ್ಲಮ ಕತ್ತಿಯಿಂದ ಹೊಡೆದರೆ ಖಣಿಲ್ ಎಂದು ಸದ್ದು ಬರುತ್ತದೆ, ಮೈಗೆ ಏನೂ ಆಗುವುದಿಲ್ಲ. ಗೋರಕ್ಷ ತಿರುಗಿ ಬೀಸಿದಾಗ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ ಆಡಿದ ಹಾಗೆ ಆಡುತ್ತದೆ. ವೆಬ್ ಕಾದಂಬರಿಯ ನಾಯಕರೆಲ್ಲ ಗೋರಕ್ಷನ ಸಾಲಿನವರು. ಅವನು ಗಳಿಸಿದ್ದಕ್ಕೆ ನಮ್ಮಲ್ಲಿ ಹೆಸರೂ ಇದೆ: ಕಾಯಸಿದ್ಧಿ. ಮಾಡುವ ಕೆಲಸಕ್ಕೆ ಪುಟ, ಒಟ್ಟು ವಿದ್ಯೆಗೆ ಕಾಯಸಿದ್ಧಿ ಎನ್ನಿ.

ಹಂತಕ್ಕೆ 'ಸುತ್ತು'. ನಮ್ಮದು ಏಳು ಸುತ್ತಿನ ಕೋಟೆ. ಒಂದು ಸುತ್ತು ದಾಟಿದರೆ ಮುಂದಿನದಕ್ಕೆ ಮತ್ತೆ ಬಾಗಿಲು, ಮತ್ತೆ ಕಾವಲು. ಮೆಟ್ಟಿಲನ್ನು ಯಾರು ಬೇಕಾದರೂ ಸುಮ್ನೆ ಹತ್ತಬಹುದು.

ಜಗಳೂರಿನಿಂದ, ಶುಕ್ರವಾರ ಸಂಜೆ

ತದ್ಭವ ಕನ್ನಡವೇ. ನಮ್ಮ ಬಾಯಲ್ಲಿ ರೂಪ ಬದಲಾಗಿದೆ, ಅರ್ಥವೂ ಬದಲಾಗಿದೆ, ಇನ್ನು ಅದು ಯಾರ ಪದ? 'ಕಾಯಸಿದ್ಧಿ'ಯಲ್ಲಿ ಹಾಗೆ ನಮ್ಮದಾಗಿದ್ದು ಏನೂ ಇಲ್ಲ, ಎರಡೂ ತುಂಡು ಹಾಗೇ ಎತ್ತಿ ತಂದವು.

ಹೊಲದ ಮಾತು ಇಂಗ್ಲಿಷಿನದು ಎಂದಿರಿ. ಹಾಗಾದರೆ ದಾನ್‌ತಿಯೆನ್ ಏನು? ಹೊಕ್ಕುಳ ಕೆಳಗೆ ಚೀ ಕೂಡುವ ಜಾಗ. ತಿಯೆನ್ ಎಂದರೆ ಗದ್ದೆ, ಹೊಲ. ದಾನ್ ಎಂದರೆ ಇಂಗಳೀಕ ಎಂಬ ಕೆಂಪು ಖನಿಜ, ರಸದ ಗುಳಿಗೆ. ಗುಳಿಗೆ ಬೆಳೆಯುವ ಹೊಲ! ಚೀನೀಯರೇ ಹೊಟ್ಟೆಯೊಳಗೆ ಹೊಲ ಇಟ್ಟಿದ್ದಾರೆ. ಬೇಸಾಯಕ್ಕೆ ಇದಕ್ಕಿಂತ ಒಳ್ಳೆ ಆಧಾರ ಬೇಕೇ?

ಚಿತ್ರದುರ್ಗದಿಂದ, ಶುಕ್ರವಾರ ರಾತ್ರಿ

ಹೊಲ ಇದೆ, ನಿಜ. ಆದರೆ ಅದು ಜಾಗದ ಹೆಸರು, ಕೆಲಸದ ಹೆಸರಲ್ಲ. ಆ ಹೊಲದಲ್ಲಿ ನಡೆಯುವುದು ಕಾಸುವ ಕೆಲಸ. ಮಾತು ಮುಗಿಯಿತು.

ದಾವಣಗೆರೆಯಿಂದ, ಇನ್ನೊಬ್ಬರು, ಶನಿವಾರ ಬೆಳಿಗ್ಗೆ

ಕಲ್ಟಿವೇಶನ್ ಎಂದೇ ಬರೆಯಿರಿ. ಓದುವ ಹುಡುಗರು ಹಾಗೇ ಅನ್ನುತ್ತಾರೆ, ಅವರ ಅಭಿಪ್ರಾಯ ಅವರ ಬಾಯಲ್ಲೇ ಇರಲಿ. ನಮ್ಮೂರಿನ ಕುಸ್ತಿ ಅಖಾಡದಲ್ಲಿ 'ಕುಸ್ತಿ' ಪಾರಸಿ, 'ವಸ್ತಾದ' ಪಾರಸಿ. ಅದರಿಂದ ಯಾವ ಪೈಲ್ವಾನನ ಕನ್ನಡವೂ ಕೆಟ್ಟಿಲ್ಲ. 'ಪೈಲ್ವಾನ' ಕೂಡ ಪಾರಸಿಯೇ. ಕನ್ನಡ ಪದವೇ ಬೇಕೆಂದರೆ ಗರಡಿಯಿಂದ 'ಸಾಮು' ತಗೊಳ್ಳಿ. ದಿನಾ ಸಾಮು ಮಾಡಿ ಮೈ ಕಟ್ಟುವುದೇ ತಾನೇ ಇದು?

'ಪುಟ' ಮಾತ್ರ ಬೇಡ. ಪುಸ್ತಕದ ಬಗ್ಗೆ ಬರೆದ ಹಾಳೆಯಲ್ಲಿ 'ನೂರು ವರ್ಷದ ಪುಟ' ಎಂದರೆ ಎಲ್ಲರೂ ಪೇಜು ಎಂದುಕೊಳ್ಳುತ್ತಾರೆ.

ದಾವಣಗೆರೆಯಿಂದ, ಕೇಳಿದವರು, ಶನಿವಾರ ಸಂಜೆ

ಹಾಳೆ ಬರೆದಾಯಿತು. ಶೀರ್ಷಿಕೆಯಲ್ಲಿ 'ಕಾಯಸಿದ್ಧಿ', ಪಕ್ಕದಲ್ಲಿ 'ಕಲ್ಟಿವೇಶನ್'. ಹುಡುಗರು ತಮ್ಮ ಪದವನ್ನು ಹುಡುಕುತ್ತಾರೆ, ಅದು ಕಾಣಬೇಕು. ಸಾಲುಗಳ ಒಳಗೆ ಕ್ರಿಯಾಪದಕ್ಕೆ 'ಸಾಮು ಮಾಡು' ಹಾಕಿದ್ದೇನೆ. 'ಅವನು ಮುನ್ನೂರು ವರ್ಷ ಗುಹೆಯಲ್ಲಿ ಸಾಮು ಮಾಡಿದನು'. ಓದಿ ನೋಡಿ, ನಿಲ್ಲುತ್ತದೆ. ಪುಟ ನನಗೂ ತುಂಬ ಹಿಡಿಸಿತ್ತು, ಪೇಜಿನ ಗೊಂದಲಕ್ಕೆ ಬಿಟ್ಟೆ. ದಾನ್‌ತಿಯೆನ್‌ಗೆ 'ಒಳಹೊಲ' ಎಂದಿದ್ದೇನೆ. ಜಗಳೂರಿನವರಿಗೆ ಅದರ ಋಣ.

ಹಂತಕ್ಕೆ 'ಸುತ್ತು' ಬಹಳ ಚೆನ್ನಾಗಿ ಕೂತಿತು. ಆ ಹುಡುಗಿಯ ಸಾಲು ಈಗ ಹೀಗಿದೆ: 'ಭಾಷೆ ಒರಟು, ಆದರೆ ಕಾಯಸಿದ್ಧಿಯ ಸುತ್ತುಗಳ ಲೆಕ್ಕ ಪಕ್ಕಾ ಇದೆ, ಅದಕ್ಕೇ ಬಿಡದೆ ಓದಿದೆ.'

ಹಾಳೆಗಳಲ್ಲಿ ಜಾಸ್ತಿ ಬಂದಿರುವ ದೂರು ಇನ್ನೊಂದು. ಯಂತ್ರದ ಅನುವಾದದಲ್ಲಿ ಒಬ್ಬನೇ ಗುರು ಒಂದು ಸಾಲಿನಲ್ಲಿ ಗಂಡಸು, ಮುಂದಿನ ಸಾಲಿನಲ್ಲಿ ಹೆಂಗಸು. ಚೀನೀ ಕ್ರಿಯಾಪದದಲ್ಲಿ ಲಿಂಗ ಇಲ್ಲ, ಎಷ್ಟೋ ಸಲ ಕರ್ತೃವೂ ಇರುವುದಿಲ್ಲ. ಕನ್ನಡಕ್ಕೆ ತಂದರೆ ಪ್ರತಿ ಕ್ರಿಯಾಪದದ ಕೊನೆಯಲ್ಲೂ ಆ ತಪ್ಪು ಎದ್ದು ಕಾಣುತ್ತದೆ. ಮುಖವಾಡ ಹಾಕಿಕೊಂಡ, ಗಂಡೋ ಹೆಣ್ಣೋ ಕಥೆ ಇನ್ನೂ ಹೇಳದ ಪಾತ್ರ ಬಂದಾಗ ಏನು ಮಾಡುತ್ತೀರಿ? 'ಬಂದರು' ಎಂದು ಬಹುವಚನ ಹಾಕಿದರೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ, ಆ ಪಾತ್ರ ಕೊಲೆಗಾರ. ಇದನ್ನು ಬೇರೆ ವಿಷಯವಾಗಿ ಸೋಮವಾರ ಕೇಳುತ್ತೇನೆ.