ಮೊಮ್ಮಕ್ಕಳನ್ನು ಸಾಕುತ್ತಿರುವ ಅಕ್ಕನಿಗೆ ನಾನು ಏನು ಹೇಳಬಾರದಿತ್ತು?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಅಕ್ಕನಿಗೆ 58 ವರ್ಷ. ಎಂಟು ತಿಂಗಳಿಂದ ಮಗಳ ಇಬ್ಬರು ಮಕ್ಕಳು ಅವಳ ಹತ್ತಿರ ಇದ್ದಾರೆ. ದೊಡ್ಡವಳಿಗೆ 9, ಚಿಕ್ಕವನಿಗೆ 6. ಅವರಮ್ಮ ಕುಡಿತ ಬಿಡುವ ಚಿಕಿತ್ಸೆಯಲ್ಲಿದ್ದಾಳೆ. ತಿಂಗಳಿಗೆ ಎರಡು ಸಲ ಮಕ್ಕಳನ್ನು ನೋಡಲು ಬರುತ್ತಾಳೆ. ಹೋದ ವಾರ ನಾನು "ಅಕ್ಕ, ನೀನು ನಿಜವಾಗ್ಲೂ ದೇವತೆ" ಅಂದೆ. ಅವಳು ಸಿಡುಕಿ, "ಇನ್ನೊಂದು ಸಲ ಹಾಗೆ ಅನ್ನಬೇಡ" ಅಂದಳು. ಆಮೇಲೆ ಫೋನೇ ಎತ್ತುತ್ತಿಲ್ಲ. ಹೊಗಳಿದರೆ ಯಾಕೆ ಸಿಟ್ಟು? ಇನ್ನೊಂದು ವಿಷಯ. ದೊಡ್ಡವಳು ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಡುತ್ತಾಳೆ. ಮನೆಗೆ ಬಂದ ನೆಂಟರೊಬ್ಬರು "ಕಳ್ಳತನ ಕಲಿಯುತ್ತಿದ್ದಾಳೆ, ಈಗಲೇ ತಿದ್ದು" ಅಂದರಂತೆ. ನಾನು ಏನು ಮಾಡಲಿ?

ಉತ್ತರ (ಮಕ್ಕಳ ಆಪ್ತಸಲಹೆಗಾರ್ತಿ): ನೀವು ಪ್ರೀತಿಯಿಂದಲೇ ಹೇಳಿದ್ದೀರಿ. ಆದರೆ ದೇವತೆಗೆ ಸುಸ್ತಾಗುವಂತಿಲ್ಲ, ರೇಗುವಂತಿಲ್ಲ, "ಇವತ್ತು ನನ್ನ ಕೈಲಾಗಲ್ಲ" ಅನ್ನುವಂತಿಲ್ಲ ಅಲ್ವಾ? ಜೊತೆಗೆ, ಅವರು ಈ ಮಕ್ಕಳಿಗೆ ಅಜ್ಜಿ ಮಾತ್ರ ಅಲ್ಲ, ಚಿಕಿತ್ಸೆಯಲ್ಲಿರುವ ಹುಡುಗಿಗೆ ತಾಯಿ ಕೂಡ. ನೀವು ಹೊಗಳಿದ್ದು ಅವರ ಕಿವಿಗೆ "ನಿನ್ನ ಮಗಳು ಕೈಲಾಗದವಳು" ಅಂತ ಕೇಳಿಸಿರಬಹುದು. ಬಂಧುಗಳ ಮಕ್ಕಳನ್ನು ಸಾಕುವವರ ದೊಡ್ಡ ಕಷ್ಟವೇ ಇದು. ಒಂದು ಕಡೆ ಮಕ್ಕಳು, ಇನ್ನೊಂದು ಕಡೆ ಮಗಳು. ಯಾರ ಪರ ನಿಂತರೂ ಇನ್ನೊಬ್ಬರಿಗೆ ನೋವು.

ಬಿಸ್ಕತ್ತಿನ ವಿಷಯಕ್ಕೆ ಬರುತ್ತೇನೆ. ಅದು ಕಳ್ಳತನ ಅಲ್ಲ. ಮುಂದಿನ ಊಟ ಯಾವಾಗ ಅಂತ ಗೊತ್ತಿಲ್ಲದೆ ಬೆಳೆದ ಮಕ್ಕಳು ಹೀಗೆ ಮಾಡುವುದನ್ನು ನಾನು ಬಹಳ ಕಂಡಿದ್ದೇನೆ. ಊಟ ಸರಿಯಾಗಿ ಸಿಗತೊಡಗಿದರೂ ಭಯ ಅಷ್ಟು ಬೇಗ ಹೋಗುವುದಿಲ್ಲ. ಬೈದರೆ ಬಚ್ಚಿಡುವ ಜಾಗ ಬದಲಾಗುತ್ತದೆ, ಅಷ್ಟೇ. ಅವಳದೇ ಅಂತ ಒಂದು ಡಬ್ಬಿ ಕೊಡಿ. ಖಾಲಿಯಾದ ಹಾಗೆ ತುಂಬಿಸಿ. ಯಾರೂ ಕೇಳಬಾರದು, ಯಾರೂ ಎಣಿಸಬಾರದು. ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮ ಅಕ್ಕನಿಗೆ ಇದು ಆಗಲೇ ಗೊತ್ತಿರಲೂಬಹುದು, ಮೊದಲು ಅವರನ್ನೇ ಕೇಳಿ. ನಾವು ಓದಿ ತಿಳಿದವರು ಅರ್ಧ ಗಂಟೆ ಮಗುವನ್ನು ನೋಡುತ್ತೇವೆ. ಅವರು ರಾತ್ರಿ ಎರಡು ಗಂಟೆಗೂ ನೋಡುತ್ತಾರೆ.

ಅಮ್ಮ ಬಂದು ಹೋದ ಮೇಲೆ ಎರಡು ದಿನ ಚಿಕ್ಕವನು ಹಾಸಿಗೆ ಒದ್ದೆ ಮಾಡಿದರೆ, ಹಟ ಮಾಡಿದರೆ, "ಅವಳನ್ನು ಬರಬೇಡ ಅನ್ನು" ಅಂತ ಸಲಹೆ ಕೊಡಬೇಡಿ. ಎಷ್ಟೋ ಸಲ ಅದು ಅಗಲಿದ್ದಕ್ಕೆ ಪಡುವ ಸಂಕಟ, ಭೇಟಿಯೇ ಕೆಟ್ಟದ್ದು ಅಂತಲ್ಲ.

"ಏನಾದರೂ ಬೇಕಿದ್ದರೆ ಹೇಳು" ಅನ್ನುವುದನ್ನೂ ಬಿಡಿ. ಕೇಳುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ ಹಾಗಾಗುತ್ತದೆ. "ಶನಿವಾರ 3 ಗಂಟೆಗೆ ಬರುತ್ತೇನೆ, 6ರವರೆಗೆ ಮಕ್ಕಳು ನನ್ನ ಜೊತೆ" ಅನ್ನಿ. ಪ್ರತಿ ಶನಿವಾರ ನೀವೇ ಹೋಗಿ. ಇವತ್ತು ನೀವು, ನಾಳೆ ಇನ್ನೊಬ್ಬರು ಅಂತಾದರೆ ಈ ಮಕ್ಕಳಿಗೆ ಕಷ್ಟ. ಒಪ್ಪಿಕೊಂಡು ತಪ್ಪಿಸುವುದಾದರೆ ಒಪ್ಪಿಕೊಳ್ಳಲೇಬೇಡಿ.

ಇನ್ನೊಬ್ಬ ಸದಸ್ಯರು: ಖಾರವಾಗಿ ಕೇಳುತ್ತೇನೆ, ಕ್ಷಮಿಸಿ. 58 ವರ್ಷದವರಿಗೆ ಯಾಕೆ ಈ ಹೊರೆ? ಒಳ್ಳೆಯ ಮಕ್ಕಳ ನಿಲಯಕ್ಕೆ ಸೇರಿಸಿದರೆ ಎಲ್ಲರಿಗೂ ನೆಮ್ಮದಿ ಅಲ್ವಾ?

ಉತ್ತರ: ನ್ಯಾಯವಾದ ಪ್ರಶ್ನೆ. ರೊಮೇನಿಯಾದ ಬುಕಾರೆಸ್ಟಿನಲ್ಲಿ 2000ದಲ್ಲಿ ಒಂದು ಅಧ್ಯಯನ ಶುರುವಾಯಿತು. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ 68 ಮಕ್ಕಳನ್ನು ಸಾಕುಮನೆಗಳಿಗೆ, ಅಂದರೆ ಬೇರೆಯವರ ಮಗುವನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕುವ ಕುಟುಂಬಗಳಿಗೆ ಕಳಿಸಿದರು. ಅವರ ಬುದ್ಧಿ ಬೆಳವಣಿಗೆ ಅಲ್ಲೇ ಉಳಿದವರಿಗಿಂತ ಚೆನ್ನಾಗಿ ಆಯಿತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭ ಇನ್ನೂ ಜಾಸ್ತಿ. ಈ ಮಕ್ಕಳು ದೊಡ್ಡವರು, ಅವರದು ಅಜ್ಜಿಮನೆ, ಲೆಕ್ಕ ನೇರವಾಗಿ ಕೂಡುವುದಿಲ್ಲ. ಆದರೆ ಎಲ್ಲರೂ ಮರೆಯುವ ಒಂದು ಮಾತಿದೆ. ಆ ಸಾಕುಮನೆಗಳಿಗೆ ಹಣ ಕೊಡುತ್ತಿದ್ದರು, ಸಮಾಜ ಕಾರ್ಯಕರ್ತರು ಬೆನ್ನಿಗಿದ್ದರು. ಮಗುವನ್ನು ಕೈಗೆ ಕೊಟ್ಟು ಸುಮ್ನೆ ಹೋಗಿಬಿಡಲಿಲ್ಲ. ಆದ್ದರಿಂದ ಅಜ್ಜಿಗೆ ಹೊರೆ ಅನಿಸಿದರೆ ಮೊದಲು ಕೇಳಬೇಕಾದ್ದು, ಹೊರಲು ಜೊತೆಗೆ ಯಾರಿದ್ದಾರೆ ಅಂತ.

ಹೆತ್ತವರ ಆರೈಕೆ ಸಿಗದ ಮಕ್ಕಳ ಬಗ್ಗೆ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯಲ್ಲೂ ಇದೇ ಇದೆ. ಸಾಕುವವರಿಗೆ ಮಗು ಬರುವ ಮೊದಲು, ಇರುವಾಗ, ಹೋದ ಮೇಲೂ ಬೆಂಬಲ ಕೊಡಬೇಕು, ಅವರ ಮಾತಿಗೆ ಜಾಗ ಇರಬೇಕು ಅನ್ನುತ್ತದೆ. ನೆಂಟರೇ ಸಾಕುತ್ತಿದ್ದರೂ ಸರ್ಕಾರ ಅದನ್ನು ಗುರುತಿಸಿ ನೆರವಾಗಬೇಕು ಅನ್ನುತ್ತದೆ. ಕಾಗದದ ಮೇಲೆ ಚೆನ್ನಾಗಿದೆ.

ಮತ್ತೊಬ್ಬ ಸದಸ್ಯೆ: ಮೇಡಂ, ನೀವು "ಹೋದ ಮೇಲೂ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಒಂದು ಮಗುವಿಗೆ ಎರಡು ವರ್ಷ ಸಾಕುತಾಯಿ ಆಗಿದ್ದೆ. ಈಗ ಅದು ಹೆತ್ತಮ್ಮನ ಹತ್ತಿರ ಇದೆ. ಅಲ್ಲಿ ಚೆನ್ನಾಗಿದೆ. ಆದರೂ ಅದರ ಚಪ್ಪಲಿ ಕಂಡರೆ ಅಳು ಬರುತ್ತದೆ. ಎಲ್ಲರೂ "ವಾಪಸ್ ಹೋಗುತ್ತೆ ಅಂತ ಮೊದಲೇ ಗೊತ್ತಿತ್ತಲ್ಲ" ಅನ್ನುತ್ತಾರೆ.

ಉತ್ತರ: ಗೊತ್ತಿದ್ದ ಮಾತ್ರಕ್ಕೆ ನೋವು ಕಡಿಮೆ ಆಗುವುದಿಲ್ಲ ತಾಯಿ. ಲೋಕ ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖಕ್ಕೆ ಕೆನೆತ್ ಡೋಕಾ ಅನ್ನುವವರು 1989ರಲ್ಲೇ ಒಂದು ಹೆಸರು ಕೊಟ್ಟು ಪುಸ್ತಕ ತಂದರು. ನಿಮ್ಮದು ಅಂಥದ್ದೇ. ಚಪ್ಪಲಿ ಇಟ್ಟುಕೊಳ್ಳಿ. ಆ ತಾಯಿ ಒಪ್ಪಿದರೆ ಆಗಾಗ ಫೋನಿನಲ್ಲಿ ಮಾತಾಡಿ. ನಿಮ್ಮ ದನಿ ತಟ್ಟನೆ ಮಾಯವಾಗದಿದ್ದರೆ ಮಗುವಿಗೂ ಒಳ್ಳೆಯದು.

ಪ್ರಶ್ನೆ ಕೇಳಿದವರು: ಮೇಡಂ, ಅಕ್ಕನ ಮನೆಗೇ ಹೋಗಿ ಬಂದೆ. "ದೇವತೆ ಅಂದಿದ್ದು ತಪ್ಪಾಯ್ತು, ಶನಿವಾರ 3ರಿಂದ 6 ಮಕ್ಕಳು ನನ್ನ ಜೊತೆ" ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "5ರವರೆಗೆ ಸಾಕು. ಆಮೇಲೆ ನನ್ನ ಜೊತೆ ಕೂತ್ಕೋ, ಮಗಳ ವಿಷಯ ಮಾತಾಡಬೇಕು" ಅಂದಳು. ಡಬ್ಬಿಯ ಬಗ್ಗೆ ಕೇಳಿದೆ. ಎರಡು ತಿಂಗಳ ಹಿಂದೆಯೇ ಕೊಟ್ಟಿದ್ದಾಳಂತೆ.